ಮೂರು ಬಿಳಿ ಸೀರೆ

"ಕಾಕಾರ, ಸುಮ್ನ ನಿಂತೀರಲ್ರಿ, ಇದೊಂದ ಹಗ್ಗ ಕಟ್ಟಿ ಕೊಡ್ರಿ" ಎಂದು ಕಾಂತಾ ನೂಲಿನ ಹಗ್ಗದ ಸುರುಳಿಯನ್ನು ಜಿನಪಾಲನ ಕೈಗಿಟ್ಟಳು. "ಮಾತಾಜಿಯವರ ಸೀರಿ ಒಣಗಬೇಕು. ಈಗ ಬಿಸಲು ಛಲೋ ಐತಿ. ಸೀರಿ ಮಾತ್ರ ಮುಟ್ಟಬ್ಯಾಡ್ರಿ, ಗಂಡಸ್ರು ಮುಟ್ಟೂಹಂಗಿಲ್ಲ. ನೀವು ಹಗ್ಗ ಕಟ್ಟ್ರಿ, ಸೀರಿ ನಾ ಹಾಕ್ತೀನಿ."

ಜಿನಪಾಲ ಹೂಂ ಎಂದ.

ಖಾನಾಪುರದ ಅಂಚಿನಲ್ಲಿ ಎಷ್ಟೋ ವರ್ಷದಿಂದ ಮುಚ್ಚಿದ್ದ ಹಂಚಿನ ಕಾರಖಾನೆಯ ಅಂಗಳ ಅದು. ಮೂವರು ಆರ್ಯಿಕೆಯರ, ಅಂದರೆ ಜೈನ ಸನ್ಯಾಸಿನಿಯರ, ಸಣ್ಣ ಸಂಘವೊಂದು ಬೆಳಗಾವಿಯಿಂದ ಗೋವಾ ಕಡೆಗೆ ಕಾಲ್ನಡಿಗೆಯಲ್ಲಿ ಹೊರಟು, ಎರಡು ದಿನದ ಮಟ್ಟಿಗೆ ಅಲ್ಲಿ ತಂಗಿತ್ತು. ಕಾಂತಾ ಸಂಘದ ಜೊತೆಗಿದ್ದ ಬ್ರಹ್ಮಚಾರಿಣಿ. ಕಾಗವಾಡದ ಕಡೆಯವಳು, ಬಂದು ಸೇರಿ ತಿಂಗಳೂ ಆಗಿರಲಿಲ್ಲ. ಮೂವರು ಮಾತಾಜಿಯರಲ್ಲಿ ಎತ್ತರದವರು, ಸುವ್ರತಮತಿ ಎಂಬ ಹೆಸರಿನವರು, ನಾಲ್ಕು ತಿಂಗಳ ಹಿಂದೆ ಬೆಳಗಾವಿ ಖಾಸಬಾಗದ ರತ್ನಮಾಲಾ ಆಗಿದ್ದರೆಂಬುದು ಅವಳಿಗೆ ಗೊತ್ತಿರಲಿಲ್ಲ. ಎದುರಿಗೆ ನಿಂತ ಈ ಕಾಕಾ ಇಪ್ಪತ್ತಾರು ವರ್ಷ ಆಕೆಯ ಗಂಡನಾಗಿದ್ದವನು ಎಂಬುದೂ ಗೊತ್ತಿರಲಿಲ್ಲ. ಜಿನಪಾಲ ಹೇಳಲೂ ಇಲ್ಲ.

ಅವನು ಹೇಳಲು ಬಂದದ್ದೇ ಬೇರೆ. ನಿಪ್ಪಾಣಿಯಲ್ಲಿ ಅವರ ಒಬ್ಬಳೇ ಮಗಳು ತ್ರಿಶಲಾ ಎಂಟು ದಿನದ ಹಿಂದೆ ಹಡೆದಿದ್ದಳು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು. ಆದರೆ ಕರೆತರಲು ತವರಿನಲ್ಲಿ ಯಾರಿದ್ದರು? ಅತ್ತೆಯ ಮನೆಯಲ್ಲೇ ಆಯಿತು. ನಿನ್ನೆ ಫೋನಿನಲ್ಲಿ ತ್ರಿಶಲಾ, "ಅಪ್ಪಾ, ಖಾನಾಪುರಕ್ಕ ಬಂದಾರಂತ. ಹೋಗಿ ಹೇಳಿ ಬರ್ರಿ" ಎಂದಿದ್ದಳು. "ಹೇಳೂದಷ್ಟ. ಮತ್ತೇನೂ ಕೇಳಬ್ಯಾಡ್ರಿ."

ಉದ್ಯಮಬಾಗದಲ್ಲಿ ತಾನು ದುಡಿಯುವ ಕಾರಖಾನೆಗೆ ರಜೆ ಹಾಕಿ ಅವನು ಬೆಳಗಿನ ಬಸ್ಸಿಗೆ ಬಂದಿದ್ದ. ದರ್ಶನಕ್ಕೆ ಹತ್ತು ಹದಿನೈದು ಜನ ಸಾಲಾಗಿ ಕೂತಿದ್ದರು. ಅವನೂ ಸಾಲಿನಲ್ಲಿ ಕೂತು, ಸರದಿ ಬಂದಾಗ ತಲೆಬಾಗಿ "ವಂದಾಮಿ ಮಾತಾಜಿ" ಎಂದ. ಆಕೆ ನವಿಲುಗರಿಯ ಪಿಂಛಿ ಎತ್ತಿ ಎಲ್ಲರಿಗೂ ಹೇಳಿದಂತೆ "ಧರ್ಮವೃದ್ಧಿರಸ್ತು" ಎಂದರು. ದೀಕ್ಷೆಯಲ್ಲಿ ಕಿತ್ತ ಕೂದಲು ಮತ್ತೆ ಚಿಗುರಿ, ಸೀರೆಯ ಸೆರಗಿನಡಿ ಬೆರಳಗಲ ಕಾಣುತ್ತಿತ್ತು, ಅರ್ಧಕ್ಕರ್ಧ ಬೆಳ್ಳಗಿತ್ತು. ಮನೆಯಲ್ಲಿದ್ದಾಗ ಅದು ಅವನಿಗೆ ಗೊತ್ತೇ ಇರಲಿಲ್ಲ. ಹಿಂದಿದ್ದವರು ಮುಂದೆ ಬರಲು ಕಾದಿದ್ದರು. ಅವನು ಎದ್ದು ಹೊರಗೆ ಬಂದು ಬೇವಿನ ಗಿಡದ ಹತ್ತಿರ ನಿಂತುಬಿಟ್ಟಿದ್ದ.

ಈಗ ಹಗ್ಗದ ಒಂದು ತುದಿಯನ್ನು ಅದೇ ಗಿಡಕ್ಕೆ ಸುತ್ತಿದ. ಮೂವತ್ತು ವರ್ಷ ಲೇತ್ ಮಶೀನಿನ ಮುಂದೆ ನಿಂತ ಕೈ. ಕೂದಲೆಳೆಯಷ್ಟು ಕಬ್ಬಿಣ ಹೆಚ್ಚಾದರೂ ಬೆರಳಿಗೆ ತಿಳಿಯುತ್ತಿತ್ತು. ಹಗ್ಗ ಮಾತ್ರ ಆ ಕೈಗೆ ಹೊಸದು. ಗಂಟಿನ ಮೇಲೆ ಗಂಟು ಹಾಕಿದ. ಅಂಗಳದಾಚೆಯ ಕಬ್ಬಿಣದ ಕಂಬದವರೆಗೆ ಎಳೆದು, ಬಿಗಿದಷ್ಟೂ ಬಿಗಿದು ಅಲ್ಲಿಯೂ ಗಂಟು ಹಾಕಿದ. ಗಂಟು ಹಾಕುವಷ್ಟರಲ್ಲೇ ಹಗ್ಗ ಒಂದು ಗೇಣು ಹಿಂದೆ ಹೋಯಿತು. ಇರಲಿ ಎಂದುಕೊಂಡ.

ಕಾಂತಾ ಒಗೆದ ಸೀರೆಗಳ ಬೋಗುಣಿ ತಂದು ಮೊದಲನೆಯದನ್ನು ಹರವಿದಳು. ಹದಿನಾರು ಮೊಳದ ಒದ್ದೆ ಬಿಳಿ ಸೀರೆ. ಅದರ ಭಾರಕ್ಕೆ ಹಗ್ಗ ನಡುವೆ ಜೋತು ಬಿತ್ತು. ಎರಡನೆಯದನ್ನು ಹಾಕುವಾಗ ಬೇವಿನ ಗಿಡದ ಗಂಟು ಜಾರಿ, ಎರಡರ ಅಂಚೂ ಹಂಚಿನ ಕೆಂಪು ಮಣ್ಣಿಗೆ ತಾಗಿತು.

"ಅಯ್ಯ! ಸಡ್ಲಾತ್ರಿ ಕಾಕಾರ" ಎಂದು ಕಾಂತಾ ಸೀರೆಗಳನ್ನು ಎತ್ತಿ ಎದೆಗವಚಿಕೊಂಡಳು. ಬೈಯಲಿಲ್ಲ. "ಮತ್ತ ನೀರು ಸೋಸಿ ಕಾಸಿ ಒಗೀಬೇಕು. ಅಷ್ಟರಾಗ ಬಿಗಿ ಮಾಡಿ ಇಡ್ರಿ" ಎಂದು ಒಳಗೆ ಹೋದಳು.

ಜಿನಪಾಲ ಸಡಿಲವಾದ ಹಗ್ಗವನ್ನು ನೋಡುತ್ತ ನಿಂತ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಈಚೆಗೆ ಏನೂ ಆಗುತ್ತಿರಲಿಲ್ಲ. ಮೊಮ್ಮಗಳು ಹುಟ್ಟಿದ ಸುದ್ದಿ ಬಂದ ದಿನವೂ ಕೈ ತೊಳೆದು, ಡಬ್ಬಿಯಲ್ಲಿದ್ದ ಎರಡು ಭಕ್ರಿ ತಿಂದು, ಮತ್ತೆ ಮಶೀನು ಚಾಲೂ ಮಾಡಿದ್ದ.

"ತಮ್ಮಾ, ಅದೇನ ಗಂಟೋ ಅದು? ಹೆಣ್ಮಕ್ಕಳ ಜಡಿ ಹೆಣದಂಗ ಹೆಣದೀಯಲ್ಲ!"

ಕಾರಖಾನೆ ಕಾಯುವ ಬಂಡೆಪ್ಪನ ಹೆಂಡತಿ ಮಾಯಕ್ಕ, ಎರಡು ಆಡುಗಳನ್ನು ಹಿಡಿದುಕೊಂಡು ಬರುತ್ತಿದ್ದಳು. ಅರವತ್ತು ದಾಟಿದ ಗಟ್ಟಿ ಹೆಂಗಸು, ಗುಂಜಿ ಕಡೆಯವಳು. ಆಡುಗಳನ್ನು ಗೂಟಕ್ಕೆ ಕಟ್ಟಿ ಬಂದು ಅವನ ಗಂಟುಗಳನ್ನು ಉಗುರಿನಿಂದ ಒಂದೊಂದಾಗಿ ಬಿಡಿಸಿದಳು.

"ಬರಂಗಿಲ್ಲ ಯಕ್ಕಾ" ಎಂದ ಜಿನಪಾಲ.

"ಬರಲಿಕ್ಕ ಇದೇನ ಸಾಲಿ ಪಾಠಾನ? ನೋಡು. ಗಿಡಕ್ಕ ಎರಡ ಸುತ್ತ ಹಾಕು. ಒಂದ ಹಾಕಿದ್ರ ಜಾರತೈತಿ. ಈಗ ತುದಿ ತಗೊಂಡ ಜಗ್ಗೂ ಹಗ್ಗದ ಮ್ಯಾಲಿಂದ ತಂದು, ಸುತ್ತಿನಾಗ ತೂರಸು. ಮತ್ತೊಮ್ಮೆ ಹಂಗ ಮಾಡು. ಆತು. ಎರಡ ಸಾಕು. ಹತ್ತ ಹಾಕಿದ್ರ ಬಿಚ್ಚಾಕ ತ್ರಾಸು, ಬಿಗಿ ಏನ ಹೆಚ್ಚಾಗಂಗಿಲ್ಲ."

ಅವನು ಮಾಡಿದ. ಜಗ್ಗಿ ನೋಡಿದ. ಗಂಟು ಕದಲಲಿಲ್ಲ.

ಕಂಬದ ಕಡೆ ಬಂದಾಗ ಮಾಯಕ್ಕ ಅವನ ಮೊಣಕೈ ಹಿಡಿದು ನಿಲ್ಲಿಸಿದಳು. "ಕಂಬದ ತನಕ ಒಯ್ಯಬ್ಯಾಡ. ಒಂದ ಮಾರು ಈಚೀಕ ನಿಂದರು. ಇಲ್ಲೇ ಹಗ್ಗ ತಿರುವಿ ಒಂದ ಕಣ್ಣ ಮಾಡು. ಆ ಕಣ್ಣಾಗ ಹಗ್ಗದ್ದ ಒಂದ ಮಡಿಕಿ ಎಳಕೋ. ಹಾಂ, ಕುಣಿಕಿ ಆತಲ್ಲ? ಈಗ ತುದಿ ಕಂಬಕ್ಕ ಸುತ್ತಿ ತಂದು ಈ ಕುಣಿಕ್ಯಾಗ ತೂರಿಸಿ ಹಿಂದಕ ಜಗ್ಗು."

ಜಗ್ಗಿದ ಕೂಡಲೇ ಕುಣಿಕೆ ಮಾಯವಾಗಿ ಹಗ್ಗ ಸಪಾಟಾಯಿತು.

"ಉಲ್ಟಾ ತಿರುವಿದಿ. ಮತ್ತ ಮಾಡು" ಎಂದಳು ಮಾಯಕ್ಕ. ಅವನು ಮತ್ತೆ ತಿರುವುತ್ತಿದ್ದಾಗ, "ಮನ್ಯಾಗ ಯಾರ ಕಟ್ಟತಿದ್ರೋ ಹಗ್ಗಾ?" ಎಂದು ಕೇಳಿದಳು.

"ಹೇಣ್ತಿ."

"ಈಗ?"

"ಈಗ ಇಲ್ಲ."

ಮಾಯಕ್ಕ ಸೆರಗು ಸರಿಮಾಡಿಕೊಂಡಳು. "ಹೋಗಿ ಎಷ್ಟ ದಿನಾತೋ ಯಪ್ಪಾ?"

"ನಾಕ ತಿಂಗಳಾತು."

"ಏನಾಗಿತ್ತು?"

"ಏನೂ ಆಗಿರಲಿಲ್ಲ" ಎಂದ ಜಿನಪಾಲ.

ಖರೇನೇ ಏನೂ ಆಗಿರಲಿಲ್ಲ. ಜಗಳವಿರಲಿಲ್ಲ, ಕೊರತೆಯಿರಲಿಲ್ಲ. ಮೊದಲು ರಾತ್ರಿಯ ಊಟ ಬಿಟ್ಟಳು. ಅದು ಜೈನರ ಮನೆಗಳಲ್ಲಿ ಇದ್ದದ್ದೇ. ಆಮೇಲೆ ಬಟಾಟೆ, ಗಜ್ಜರಿ. ಆಮೇಲೆ ಸಿಹಿ, ತುಪ್ಪ. ಆಮೇಲೆ ಗಾದಿ ಬಿಟ್ಟು ಚಾಪೆ. ಒಂದೊಂದನ್ನು ಬಿಟ್ಟಾಗಲೂ ಅವನು ಹೂಂ ಎನ್ನುತ್ತ ಹೋದ. ಮಗಳ ಮದುವೆಯಾಯಿತು. ತ್ರಿಶಲಾ ಬಸುರಿ ಎಂದು ತಿಳಿದ ಮೇಲಾದರೂ ನಿಂತಾಳು ಎಂದುಕೊಂಡ. ರತ್ನಮಾಲಾ ಹೆರಿಗೆಗೆಂದು ಕೌದಿ ಹೊಲಿದು, ಹಳೆಯ ಮೆತ್ತನೆ ಸೀರೆ ಹರಿದು ಕೂಸಿಗೆ ಬಟ್ಟೆ ಮಾಡಿ, ಗಂಟು ಕಟ್ಟಿ ನಿಪ್ಪಾಣಿಗೆ ಕಳಿಸಿ, ಶ್ರಾವಣದಲ್ಲಿ ದೀಕ್ಷೆ ಬೇಡಿದಳು. ತುಂಬಿದ ಮಂಟಪದಲ್ಲಿ ಆಚಾರ್ಯರು ಮೂರು ಸಲ ಕೇಳಿದರು, "ನಿಮ್ಮ ಒಪ್ಪಿಗೆ ಇದೆಯೆ?" ಅವನು ಮೂರು ಸಲವೂ ಹೂಂ ಎಂದ. ಮೈಕಿನಲ್ಲಿ ಆ ಹೂಂ ಯಾರದೋ ಎಂಬಂತೆ ಕೇಳಿಸಿತ್ತು. ಜನ ಜಯಕಾರ ಹಾಕಿದರು. ಅವನಿಗೂ ಹಾರ ಹಾಕಿದರು.

"ಏನೂ ಆಗದ ಹೋಗ್ಯಾಳಂದ್ರ ಪುಣ್ಯವಂತಿ ಬಿಡು" ಎಂದಳು ಮಾಯಕ್ಕ. "ನರಳಲಿಲ್ಲ, ನರಳಸಲಿಲ್ಲ. ಹಾಂ, ಈಗ ನಿಂತತಿ ನೋಡು ಕುಣಿಕಿ. ಜಗ್ಗು. ಕೆಳಗ ಜಗ್ಗು, ಮೈ ಭಾರ ಹಾಕು."

ಅವನು ಜಗ್ಗಿದ. ಹಗ್ಗ ನೆಲದಿಂದೆದ್ದಂತೆ ಎದ್ದು, ಅಂಗಳದುದ್ದಕ್ಕೂ ನೆಟ್ಟಗೆ ನಿಂತಿತು.

"ಬಿಡಬ್ಯಾಡ! ಕುಣಿಕಿ ಹಂತೇಲಿ ಎಡಗೈಲಿ ಚೂಟಿ ಹಿಡಿ. ಬಲಗೈಲಿ ಅದರ ಬುಡಕ ಎರಡ ಗಂಟ ಹಾಕು. ಹಾಕಿದ ಮ್ಯಾಲ ಕೈ ಬಿಡು."

ಅವನು ಚೂಟಿ ಹಿಡಿದು, ಎರಡು ಗಂಟು ಹಾಕಿ, ಕೈ ಬಿಟ್ಟ. ಮಾಯಕ್ಕ ಬೆರಳಿನಿಂದ ಹಗ್ಗವನ್ನು ಮೀಟಿದಳು. ಅದು ಝುಂ ಎಂದಿತು. "ಇದಕ್ಕ ಹತ್ತ ಸೀರಿ ಹಾಕಿದ್ರೂ ಏನಾಗಂಗಿಲ್ಲ" ಎಂದು ಹೇಳಿ, ಆಡುಗಳ ಕಡೆ ಹೋದಳು.

ಕಾಂತಾ ಬಂದು ಮೂರೂ ಸೀರೆ ಹರವಿದಳು. ಹಗ್ಗ ಬೆರಳಗಲ ತಗ್ಗಿ ಅಲ್ಲೇ ನಿಂತಿತು. ಮೂರೂ ಒಂದೇ ಅರಿವೆ, ಒಂದೇ ಅಳತೆ. ಅವುಗಳಲ್ಲಿ ಯಾವುದು ರತ್ನಮಾಲಾಳದೆಂದು ಜಿನಪಾಲ ಒಂದು ಕಡೆಯಿಂದ ನೋಡುತ್ತ ಬಂದ. ಗೊತ್ತಾಗಲಿಲ್ಲ.

ಆಹಾರ ಮುಗಿಸಿದ ಮಾತಾಜಿಯರು ಒಬ್ಬರ ಹಿಂದೊಬ್ಬರು, ನೆಲ ನೋಡುತ್ತ, ಅಂಗಳ ದಾಟಿ ಶೆಡ್ಡಿನ ಕಡೆ ಬಂದರು. ಕೊನೆಯವರು ಸುವ್ರತಮತಿ. ಜಿನಪಾಲ ಏಳೆಂಟು ಮೊಳ ದೂರ ನಿಂತು ಕೈ ಮುಗಿದ.

"ವಂದಾಮಿ ಮಾತಾಜಿ. ತ್ರಿಶಲಾ ಹಡದಾಳ್ರಿ. ಹೆಣ್ಣ ಕೂಸ್ರಿ. ಎಂಟ ದಿನಾತ್ರಿ."

ಇಪ್ಪತ್ತಾರು ವರ್ಷ ಏಕವಚನದಲ್ಲಿ ಕರೆದವಳಿಗೆ ಅವನು ಮೂರು ಸಲ ರೀ ಎಂದಿದ್ದ. ಆಕೆ ನಿಂತರು. ಮುಂದಿನ ಇಬ್ಬರು ಹೋಗುತ್ತಲೇ ಇದ್ದರು. ಪಿಂಛಿ ಹಿಡಿದ ಕೈ ಅರ್ಧಕ್ಕೆ ಎದ್ದು, ಅಲ್ಲೇ ಸ್ವಲ್ಪ ಹೊತ್ತು ಉಳಿಯಿತು.

"ಕೂಸಿನ ತಾಯಿ ಆರಾಮ ಅದಾಳೇನು?"

"ಆರಾಮ ಅದಾಳ್ರಿ."

"ಧರ್ಮವೃದ್ಧಿರಸ್ತು" ಎಂದು ಆಕೆ ಪಿಂಛಿಯನ್ನು ಪೂರ್ತಿ ಎತ್ತಿದರು. ಮತ್ತೆ ನೆಲ ನೋಡುತ್ತ, ಮೊದಲಿನದೇ ಹೆಜ್ಜೆಯಲ್ಲಿ ಒಳಗೆ ನಡೆದರು.

ಕಾಂತಾ ಖಾಲಿ ಬೋಗುಣಿ ಹಿಡಿದುಕೊಂಡು ನಿಂತಿದ್ದಳು. "ಕಾಕಾರ... ನೀವು ಮಾತಾಜಿಯವರ ಮನಿಯವರಂತ ನನಗ ಗೊತ್ತಿರಲಿಲ್ರಿ. ಸೀರಿ ಮುಟ್ಟಬ್ಯಾಡ್ರಿ ಅಂತ ನಿಮಗ ಹಂಗ ಅಂದ್ನೆಲ್ಲ..."

"ಖರೇನ ಐತೆಲ್ಲವಾ. ಮುಟ್ಟೂಹಂಗಿಲ್ಲ" ಎಂದ ಜಿನಪಾಲ.

ಅವಳು ಊಟಕ್ಕೆ ಕರೆದಳು. ಅವನು ಕೂತು, ಬಡಿಸಿದ್ದನ್ನು ಉಂಡು, ತಾಟು ತೊಳೆದಿಟ್ಟು, ಬಸ್ ಸ್ಟ್ಯಾಂಡಿನ ಹಾದಿ ಹಿಡಿದ. ಆಡಿಗೆ ಸೊಪ್ಪು ಕಡಿಯುತ್ತಿದ್ದ ಮಾಯಕ್ಕ, "ಇನ್ನ ಮನ್ಯಾಗೂ ಹಂಗ ಕಟ್ಟು ತಮ್ಮಾ" ಎಂದು ಕೂಗಿ ಹೇಳಿದಳು. ಅವನು ಕೈ ಎತ್ತಿದ.

ಸ್ಟ್ಯಾಂಡಿನ ಎದುರಿನ ಎಸ್‌ಟಿಡಿ ಬೂತಿಗೆ ಹೋಗಿ ನಿಪ್ಪಾಣಿಗೆ ಫೋನು ಹಚ್ಚಿದ. ತ್ರಿಶಲಾಳೇ ಎತ್ತಿದಳು, ಕಾದು ಕೂತಿದ್ದಳೆಂದು ತೋರುತ್ತಿತ್ತು.

"ಹೇಳಿದ್ರೇನಪ್ಪಾ?"

"ಹೇಳಿದೆ."

"ಅವ್ವ ಏನಂದ್ಲು?"

"ಕೂಸಿನ ತಾಯಿ ಆರಾಮ ಅದಾಳೇನು ಅಂತ ಕೇಳಿದ್ರು."

"ಹಂಗ ಅಂದ್ಲಾ? ಕೂಸಿನ ತಾಯಿ ಅಂತ?"

"ಹೂಂ."

"ನನ್ನ ಹೆಸರು ಹಿಡೀಲಿಲ್ಲಾ?"

ಜಿನಪಾಲ ಬೂತಿನ ಗಾಜಿನಾಚೆ ನೋಡಿದ. ಬೆಳಗಾವಿಯ ಬಸ್ಸು ಬಂದು ನಿಂತು, ಜನ ಬಾಗಿಲಿಗೆ ಮುಗಿಬಿದ್ದಿದ್ದರು. "ಇಲ್ಲವಾ" ಎಂದ. ಆಮೇಲೆ, "ಆದ್ರ ನಿಂತು ಕೇಳಿದ್ರು. ಮುಂದಿನವರು ಹೋದ್ರೂ ನಿಂತು ಕೇಳಿದ್ರು" ಎಂದ.

ಆ ಕಡೆ ಎಲ್ಲಿಯೋ ಕೂಸು ಅಳತೊಡಗಿತು. ತ್ರಿಶಲಾ "ಬಂದೆ, ಬಂದೆ" ಎನ್ನುತ್ತ, ರಿಸೀವರನ್ನು ಇಡದೆ ಹಾಗೆಯೇ ಮೇಜಿನ ಮೇಲೆ ಬಿಟ್ಟು ಹೋದಳು. ಅಳು ದೂರದಿಂದ ಹತ್ತಿರಕ್ಕೆ ಬಂತು, ಬಿಕ್ಕಿತು, ಮತ್ತೆ ಏರಿತು. ಹೊರಗೆ ನಿಂತವನೊಬ್ಬ ಗಾಜಿನ ಮೇಲೆ ಉಗುರಿನಿಂದ ಕುಟ್ಟಿದ. ಬಸ್ಸು ಹಾರ್ನು ಹಾಕಿ ಹೊರಟಿತು. ಜಿನಪಾಲ ರಿಸೀವರನ್ನು ಎರಡೂ ಕೈಯಲ್ಲಿ ಕಿವಿಗೊತ್ತಿ ಹಿಡಿದು, ಕೂಸು ಅಳು ನಿಲ್ಲಿಸಿ ಹಾಲು ಚೀಪುವ ಸಣ್ಣ ಸದ್ದು ಕೇಳುವವರೆಗೂ ಹಾಗೇ ನಿಂತಿದ್ದ.