ಹತ್ತು ಬಡಿತದ ಚಾಕು

ಚಾಕು ಆರಿಸುವುದು ಕಿವಿಯಿಂದ, ಕಣ್ಣಿನಿಂದಲ್ಲ ಅನ್ನುವುದು ವರ್ಡಿ ಹಾಲ್ಕೂಂಬಳ ಮತ. ಗುಂಡಿ ಒತ್ತಿದ ಕೂಡಲೇ ಅಲಗು ಚಿಮ್ಮಿ ನಿಲ್ಲುತ್ತದಲ್ಲ, ಆ ಸದ್ದು ಒಂದೇ ಆಗಿರಬೇಕು. ಎರಡಾಗಿ ಒಡೆದು ಕೇಳಿಸಿತೋ, ಸ್ಪ್ರಿಂಗು ಸೋತಿದೆ. ಆಮೇಲೆ ಅಲಗನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಬೇಕು, ಸಡಿಲವಿರಬಾರದು. ಮುಚ್ಚಿ ಜೇಬಿಗಿಳಿಸಿ ನಾಲ್ಕು ಹೆಜ್ಜೆ ನಡೆದು, ಕೂತು, ಎದ್ದು ನೋಡಬೇಕು. ಜೇಬಿನೊಳಗೆ ತಾನಾಗಿ ಬಿಚ್ಚಿಕೊಳ್ಳುವ ಚಾಕು ತೊಡೆಯನ್ನೇ ಸೀಳುತ್ತದೆ.

ಪೂರ್ವ ಕೆಂಟಕಿಯ ಆ ಕಣಿವೆಯ ಹೈಸ್ಕೂಲಿನಲ್ಲಿ ವರ್ಡಿ ಅಡುಗೆಯವಳು. ಇಪ್ಪತ್ತಾರು ವರ್ಷದಿಂದ ಹುರುಳಿಕಾಯಿ ಡಬ್ಬದ ರಟ್ಟು, ಹಿಟ್ಟಿನ ಚೀಲ ಎಲ್ಲಾ ಅವಳ ಏಪ್ರನ್ನಿನ ಚಾಕುವಿನಿಂದಲೇ ಬಿಚ್ಚಬೇಕು. ಹೆಡ್‌ಮಾಸ್ತರರು ಕಂಡೂ ಕಾಣದಂತಿರುತ್ತಿದ್ದರು. ಅದೇ ಸ್ಕೂಲಿನ ಬ್ಯಾಸ್ಕೆಟ್‌ಬಾಲ್ ಹಾಲಿನಲ್ಲಿ ಪ್ರತಿ ಅಕ್ಟೋಬರಿನ ಮೊದಲ ಶನಿವಾರ ಚಾಕುಗಳ ಸಂತೆ. ಗುಂಡಿ ಚಾಕುಗಳನ್ನು ಹಿಂದೆ ಮೇಜಿನಡಿಯಿಂದ ಕಳ್ಳಮಾಲಿನಂತೆ ಎತ್ತಿ ತೋರಿಸುತ್ತಿದ್ದರು, ಈಗ ರಾಜಾರೋಷವಾಗಿ ಮೇಲೆಯೇ ಹರಡುತ್ತಾರೆ. ಬೀಗದ ಕೈಯಂತಿರುವುದು, ಲಿಪ್‌ಸ್ಟಿಕ್ಕಿನಂತಿರುವುದು, ರೈಲಿನ ಇಂಜಿನ್ನು, ಮೀನು, ಬಂದೂಕಿನ ಗುಂಡು. ಇಂಥ ತಮಾಷೆಯ ಚಾಕುಗಳೆಂದರೆ ವರ್ಡಿಗೆ ಪ್ರಾಣ. ಮನೆಯಲ್ಲಿ ಮೂವತ್ತೊಂದಿವೆ. ಶವಪೆಟ್ಟಿಗೆಯಾಕಾರದ್ದು ಮಾತ್ರ ಒಂದೂ ಇಲ್ಲ. ಅಂಥದ್ದು ಕಂಡರೆ ಮುಂದಿನ ಮೇಜಿಗೆ ನಡೆದುಬಿಡುತ್ತಾಳೆ. ವ್ಯಾಪಾರಿಗಳಿಗೆಲ್ಲ ಗೊತ್ತು, ಯಾರೂ ಕೇಳುವುದಿಲ್ಲ.

ಅವತ್ತು ಮಧ್ಯಾಹ್ನ ಎಸ್ಟಿಲ್ ನೇಪಿಯರನ ಮೇಜಿನ ಮುಂದೆ ಅವಳು ರೈಲಿನ ಇಂಜಿನ್ನಿನ ಗುಂಡಿ ಒತ್ತುತ್ತಿದ್ದಳು. ಎಸ್ಟಿಲ್ ಎಪ್ಪತ್ನಾಲ್ಕರ ಮುದುಕ, ಗಣಿಯಿಂದ ನಿವೃತ್ತನಾಗಿ ಬಂದವನು. ಮೂಗಿಗೆ ಆಮ್ಲಜನಕದ ಕೊಳವೆ, ಪಕ್ಕದಲ್ಲಿ ಚಕ್ರದ ಸಿಲಿಂಡರು. ನಕ್ಕರೆ ಎದೆಯೊಳಗೆ ಜಲ್ಲಿ ಸುರಿದಂತಾಗುತ್ತಿತ್ತು.

"ಈ ಇಂಜಿನ್ನಿಗೆ ಉಬ್ಬಸ ಹತ್ತಿದೆಯಲ್ಲ ಎಸ್ಟಿಲ್ ಮಾವ, ನಿನ್ನ ಥರಾನೇ."

"ಉಬ್ಬಸ ಇದ್ರೂ ಓಡ್ತದೆ ಕಣವ್ವಾ. ನನ್ನ ಮಾರೋಕೆ ಇಟ್ಟಿದ್ರೆ ಯಾರು ಕೊಳ್ತಿದ್ರು ಹೇಳು."

"ನಿನ್ನ ಬಿಟ್ಟಿ ಕೊಟ್ರೂ ಬೇಡ. ಬೇರೆ ಯಾವುದಿದೆ ತೋರ್ಸು."

ಪ್ರತಿ ವರ್ಷ ಈ ಹೊತ್ತಿಗೆ ಅವನು ಇನ್ನೊಂದು ಮಾತು ಎಸೆಯುತ್ತಿದ್ದ. ಈ ವರ್ಷ ಎಸೆಯಲಿಲ್ಲ. ಅವನ ಕಣ್ಣು ಮೇಜಿನ ಕೆಳಗೆ ಹೋಯಿತು, ಅಲ್ಲಿಂದ ಗೋಡೆಯ ಸ್ಕೋರ್ ಬೋರ್ಡಿನ ಗಡಿಯಾರಕ್ಕೆ ಹೋಯಿತು.

ಆಗ ಮೇಜಿನಡಿಯಿಂದ ಸದ್ದು ಬಂತು. ಟಕ್.

ತಗಡಿನೊಳಗೆ ಏನೋ ಚಿಮ್ಮಿ ಬಡಿದ ಸದ್ದು. ಟಕ್. ಟಕ್. ಒಂದೇ ಅಂತರ, ಒಂದೇ ತೂಕ. ವರ್ಡಿಯ ಕಿವಿ ತನ್ನಷ್ಟಕ್ಕೆ ತಾನೇ ಎಣಿಸತೊಡಗಿತು. ಹತ್ತಕ್ಕೆ ನಿಂತಿತು.

ಗಣಿಯವರ ಮನೆಯಲ್ಲಿ ಹುಟ್ಟಿದವರಿಗೆ ಹತ್ತು ಅಂದರೇನೆಂದು ಹೇಳಿಕೊಡಬೇಕಾಗಿಲ್ಲ. ಹೆಲ್ಮೆಟ್ಟಿನೊಳಗೆ ಅಂಟಿಸಿದ ಚೀಟಿಯಲ್ಲಿ ಇರುತ್ತಿತ್ತು: ಒಳಗೆ ಸಿಕ್ಕಿಕೊಂಡರೆ ಛಾವಣಿಗೆ ಆಸರೆಯಾದ ಉಕ್ಕಿನ ಬೋಲ್ಟಿಗೆ ಹತ್ತು ಸಲ ಬಡಿ. ಹದಿನೈದು ನಿಮಿಷ ಸುಮ್ಮನಿದ್ದು ಕೇಳಿಸಿಕೋ. ಮತ್ತೆ ಹತ್ತು ಬಡಿ. ಮೇಲಿನವರು ಐದು ಸಲ ಮದ್ದು ಸಿಡಿಸಿದರೆ, ನೀನಿರುವ ಜಾಗ ಸಿಕ್ಕಿತು, ಬರುತ್ತಿದ್ದೇವೆ ಅಂತ.

"ಮಾವ, ಏನದು ಕೆಳಗೆ?"

"ಗುರುವಾರದಿಂದ ಹೀಗೇ ಇದೆ," ಎಂದ ಎಸ್ಟಿಲ್. ದನಿ ತಗ್ಗಿತ್ತು. "ಹದಿನೈದು ನಿಮಿಷಕ್ಕೊಂದು ಸಲ. ನನ್ನ ಹೆಂಡ್ತಿ ಹೆದರ್ಕೊಂಡು ತನ್ನ ತಂಗಿ ಮನೆಗೆ ಹೊರಟುಹೋದ್ಲು. ನಿಂಗೆ ತೋರಿಸ್ಲೋ ಬೇಡ್ವೋ ಅಂತ ಬೆಳಿಗ್ಗೆಯಿಂದ ಒದ್ದಾಡ್ತಿದೀನಿ ಮಗಳೇ."

ಹಳೇ ಬಿಸ್ಕತ್ತಿನ ಡಬ್ಬಿಯೊಂದನ್ನು ಎತ್ತಿ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದ. ಕೆಂಪು ಬಟ್ಟೆಯ ಮೇಲೆ ಚಾಕು ಬಿಚ್ಚಿಕೊಂಡು ಮಲಗಿತ್ತು. ಕರಿ ಮರದ ಹಿಡಿ, ಆರು ಮೂಲೆ, ಅಂಗೈಯಷ್ಟು ಶವಪೆಟ್ಟಿಗೆ. ಹಿಡಿಯ ಮೇಲೆ ಹಿತ್ತಾಳೆಯ ಶಿಲುಬೆ. ಶಿಲುಬೆಯ ಎಡಗೈ ಮುರಿದಿತ್ತು.

ವರ್ಡಿ ಮೇಜಿನಂಚು ಹಿಡಿದುಕೊಂಡಳು.

ಆ ಮುರಿದ ಕೈಯ ಕಾರಣಕ್ಕೇ ಅದು ಮೂವತ್ತಾರು ವರ್ಷದ ಹಿಂದೆ ಅಗ್ಗಕ್ಕೆ ಸಿಕ್ಕಿತ್ತು. ಆಗ ಅವಳಿಗೆ ಇಪ್ಪತ್ತು, ಅಣ್ಣ ಆರ್ಲಿಗೆ ಇಪ್ಪತ್ಮೂರು. ಅವನ ಹುಟ್ಟುಹಬ್ಬಕ್ಕೆಂದು ಇಂಥದೇ ಸಂತೆಯಲ್ಲಿ ಮೇಜಿನಡಿಯ ಮಾಲಿನಿಂದ ಅವಳೇ ಕಿವಿಗೊಟ್ಟು ಆರಿಸಿದ್ದು. "ಗಣಿಯೊಳಗೆ ಸತ್ರೆ ನಿನ್ನ ಪೆಟ್ಟಿಗೆ ನೀನೇ ಹೊತ್ಕೊಂಡ್ಹೋಗಿರ್ತೀಯ, ನಮಗೆ ಖರ್ಚು ಉಳೀತು," ಅಂದಿದ್ದಳು. ಆರ್ಲಿ ಹೊಟ್ಟೆ ಹಿಡಿದು ನಕ್ಕಿದ್ದ. ಅವ್ವ ನಕ್ಕಿರಲಿಲ್ಲ. ಐದನೇ ದಿನ ಸ್ಟಿಲ್‌ಹೌಸ್ ನಾಲ್ಕನೇ ನಂಬರಿನ ಗಣಿ ಸಿಡಿಯಿತು. ಒಳಗೆ ಒಂಬತ್ತು ಜನ. ಕಂಪನಿಯವರು ಚರ್ಚಿನ ಮೆಟ್ಟಿಲ ಮೇಲೆ ನಿಂತು ಹೇಳಿದ್ದರು: ಸ್ಫೋಟದ ಕ್ಷಣದಲ್ಲೇ ಎಲ್ಲರೂ ಹೋದರು, ನೋವೇ ಗೊತ್ತಾಗಿಲ್ಲ, ಬೆಂಕಿ ಒಳಗನ್ನೆಲ್ಲ ನುಂಗಿದೆ, ಹೆಣ ತೆಗೆಯುವ ಹಾಗಿಲ್ಲ. ಮೂರನೇ ದಿನ ಗಣಿಯ ಬಾಯಿಗೆ ಗೋಡೆ ಕಟ್ಟಿದರು. ಗೋಡೆ ಕಟ್ಟಿದರೆ ಗಾಳಿ ನಿಂತು ಬೆಂಕಿ ಸಾಯುತ್ತದೆ, ಪಕ್ಕದ ಕಲ್ಲಿದ್ದಲು ಉಳಿಯುತ್ತದೆ. ಕಲ್ಲಿದ್ದಲು ಉಳಿಯಿತು.

ಅವ್ವ ಸಾಯುವವರೆಗೂ ಬಂದವರಿಗೆಲ್ಲ ಒಂದೇ ಮಾತು ಹೇಳಿದಳು, "ನನ್ನ ಮಗಳು ಪೆಟ್ಟಿಗೆ ಕೊಟ್ಟು ಕಳ್ಸಿದ್ಲು." ಮೂವತ್ತಾರು ವರ್ಷ ವರ್ಡಿ ಅದನ್ನು ಎದೆಯೊಳಗೆ ಹೊತ್ತು ತಿರುಗಿದ್ದಳು.

"ಎಲ್ಲಿ ಸಿಕ್ತು?"

"ಗುಡ್ಡದ ಆಚೆ ಕಡೆಯಿಂದ ಹೊಸದಾಗಿ ಕೊರೀತಿದಾರೆ. ಛಾವಣಿ ಹೊರೋಕೆ ಕಲ್ಲಿದ್ದಲಿನ ಹಳೇ ಕಂಬ ಬಿಟ್ಟಿದ್ರಲ್ಲ ಒಳಗೆ, ಅದನ್ನೂ ಕೆರ್ಕೊಂಡು ಹೋಗೋಕೆ. ಮಷೀನು ನಡೆಸೋನೊಬ್ಬ ಗುರುವಾರ ಬಂದು ಕೊಟ್ಟುಹೋದ. ಮಾರೋಕೆ ಬಂದೆ ಅಂದ, ದುಡ್ಡು ಮಾತ್ರ ತಗೊಳ್ಲಿಲ್ಲ. ಕೆಲ್ಸ ಬಿಟ್ಟೆ ಅಂದ." ಎಸ್ಟಿಲ್ ಉಸಿರು ಹುಡುಕಿಕೊಂಡ. "ನಾಲ್ಕನೇ ನಂಬರೊಳಕ್ಕೆ ತೂತು ಬಿತ್ತಂತೆ. ಅಲ್ಲಿ ವಿಷದ ಗಾಳಿ ತಡೆಯೋ ಪರದೆ ಕಟ್ಟಿತ್ತಂತೆ. ಅಂಚಿಗೆಲ್ಲ ಮಣ್ಣು ಮೆತ್ತಿ, ಅಚ್ಚುಕಟ್ಟಾಗಿ. ಹಿಂದೆ ಒಂಬತ್ತು ಊಟದ ಡಬ್ಬಿ. ಸಾಲಾಗಿ ಜೋಡ್ಸಿ ಇಟ್ಟಿದ್ರಂತೆ. ಒಳ್ಗಡೆ ಒರೆಸಿದಂಗೆ ಖಾಲಿ."

"ಅವರು?"

"ಪಕ್ಕದಲ್ಲೇ ಇದ್ರು. ಕಂಪನಿಯವರು ಬಂದು ನೋಡಿ, ತೂತು ಮುಚ್ಚಿ, ಪಕ್ಕದಿಂದ ಕೊರೀರಿ ಅಂದ್ರಂತೆ."

ಸತ್ತವರು ಪರದೆ ಕಟ್ಟುತ್ತಾರೆಯೇ? ಕ್ಷಣದಲ್ಲಿ ಹೋದವರು ಊಟ ಮುಗಿಸಿ ಡಬ್ಬಿ ಜೋಡಿಸುತ್ತಾರೆಯೇ? ವರ್ಡಿ ಚಾಕುವನ್ನು ಎತ್ತಿಕೊಂಡಳು. ಅದು ತಣ್ಣಗಿರಲಿಲ್ಲ. ಈಗಷ್ಟೇ ಯಾರದೋ ಮುಷ್ಟಿಯಿಂದ ಬಿಡಿಸಿಕೊಂಡು ಬಂದಷ್ಟು ಬೆಚ್ಚಗಿತ್ತು. ಕರಿ ಮರಕ್ಕೆ ಬೆಂಕಿಯ ಗುರುತಿಲ್ಲ, ಹೊಗೆಯ ಕಲೆಯೂ ಇಲ್ಲ. ಪೆಟ್ಟಿಗೆಯ ಕಾಲಿನ ಕಡೆಯ ತುದಿಗೆ ದಪ್ಪ ಉಕ್ಕಿನ ಬಿಲ್ಲೆಯೊಂದಿತ್ತು. ಅವಳು ಕೊಂಡಾಗ ಅದು ಚೂಪು ಅಂಚಿನದು. ಈಗ ಅಣಬೆಯ ತಲೆಯಂತೆ ಚಪ್ಪಟೆಯಾಗಿತ್ತು. ಮೈತುಂಬ ಕುಳಿ, ಒಂದರ ಮೇಲೊಂದು, ಉಗುರು ಇಡಲೂ ಸಮತಟ್ಟು ಜಾಗವಿಲ್ಲ.

ಬೋಲ್ಟಿಗೆ ಬಡಿದು ಬಡಿದು ಆದದ್ದು. ಒಂದು ದಿನದ ಕೆಲಸವಲ್ಲ ಅದು.

"ಮುಚ್ಚಿದ್ಯಾ ಇದನ್ನ?" ಎಂದಳು ವರ್ಡಿ.

ಒಬ್ಬರು ಬಿಚ್ಚಿದ ಚಾಕುವನ್ನು ಇನ್ನೊಬ್ಬರು ಮುಚ್ಚಬಾರದು. ಬಿಚ್ಚಿದವರೇ ಮುಚ್ಚಬೇಕು, ಇಲ್ಲದಿದ್ದರೆ ಕೇಡು. ಆ ಕಣಿವೆಯಲ್ಲಿ ಎಳೆಮಕ್ಕಳೂ ಅದನ್ನು ಮೀರುವುದಿಲ್ಲ.

"ಬಿಚ್ಕೊಂಡೇ ಬಂತು. ಕೈ ಹಾಕ್ಲಿಲ್ಲ ನಾನು. ಹಂಗೇ ಡಬ್ಬೀಲಿಟ್ಟೆ. ಸದ್ದು ಬಂದಾಗೆಲ್ಲ ತೆಗೆದು ನೋಡ್ತೀನಿ, ಬಿಚ್ಕೊಂಡೇ ಇರ್ತದೆ." ಎಸ್ಟಿಲ್ ಅವಳ ಮುಖ ನೋಡಲಿಲ್ಲ. "ನೀನೇ ಲೆಕ್ಕ ಹಾಕು ವರ್ಡಿ. ಹತ್ತು ಸಲ ಚಿಮ್ಮಬೇಕಾದ್ರೆ ನಡುವೆ ಮುಚ್ಚಬೇಕಲ್ಲ ಯಾರಾದ್ರೂ. ನಾನಂತೂ ಮುಚ್ಚಿಲ್ಲ. ಡಬ್ಬಿಯೊಳಗೆ ಮುಚ್ಚೋರು ಯಾರು?"

ಹಾಲಿನಲ್ಲಿ ನೂರಾರು ಚಾಕುಗಳ ಸದ್ದಿತ್ತು, ಜನ ಚೌಕಾಸಿ ಮಾಡುತ್ತಿದ್ದರು, ಯಾರೋ ಹಾಟ್‌ಡಾಗಿಗೆ ಸಾಸಿವೆ ಕೇಳುತ್ತಿದ್ದರು. ವರ್ಡಿಗೆ ಅದೆಲ್ಲ ದಪ್ಪ ಗೋಡೆಯ ಆಚೆಯಿಂದ ಬಂದಂತೆ ಕೇಳಿಸಿತು. ಚಾಕುವನ್ನು ಮರಳಿ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಳು.

"ಇನ್ನೂ ಏನೋ ಇದೆ ನಿನ್ನ ಹೊಟ್ಟೇಲಿ. ಕಕ್ಕು."

"ಆ ಗೋಡೆಗೆ ಕೊನೇ ಇಟ್ಟಿಗೆ ಇಟ್ಟೋನು ನಾನು."

"ಅದು ಊರಿಗೇ ಗೊತ್ತು."

"ಇಡೋವಾಗ ಒಳಗಿಂದ ಸದ್ದು ಕೇಳ್ತು." ಮುದುಕ ಕೊಳವೆಯನ್ನು ಮೂಗಿನಿಂದ ತೆಗೆದ, ಆ ಮಾತಿಗೆ ಸ್ವಂತ ಉಸಿರೇ ಬೇಕೆನ್ನುವಂತೆ. "ಸಣ್ಣಗೆ, ದೂರದಲ್ಲಿ. ನಾನು ಎಣಿಸ್ದೆ ಕಣವ್ವಾ. ಹತ್ತು. ಮೇಸ್ತ್ರಿಗೆ ಹೇಳ್ದೆ. ಬಿಸಿಗೆ ಬಂಡೆ ಬಿರುಕು ಬಿಡ್ತಿದೆ, ಸಂಬಳ ಬೇಕಂದ್ರೆ ಗಾರೆ ಹಾಕು ಅಂದ. ಮನೇಲಿ ಮೂರು ಮಕ್ಕಳು. ಹಾಕ್ದೆ. ಬಂಡೆ ಹತ್ತಕ್ಕೆ ನಿಲ್ಲಲ್ಲ ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೂ ಹಾಕ್ದೆ."

ವರ್ಡಿಯ ಕೈ ಮೇಲೆದ್ದಿತು. ಹೊಡೆದೇಬಿಡುತ್ತಿದ್ದಳೇನೋ. ಆದರೆ ಕೊಳವೆಯಿಲ್ಲದೆ ನೀಲಿಗಟ್ಟುತ್ತಿದ್ದ ಆ ತುಟಿಗಳನ್ನು ಕಂಡು, ಅದೇ ಕೈಯಿಂದ ಕೊಳವೆ ತೆಗೆದು ಅವನ ಮೂಗಿಗೆ ತುರುಕಿದಳು. "ಸಾಯಬೇಡ ಈಗ. ಸತ್ತು ತಪ್ಪಿಸ್ಕೋಬೇಡ. ಈ ಮಾತನ್ನ ಇನ್ನೊಂದು ಕಡೆ ಹೇಳ್ಬೇಕು ನೀನು."

ಗೋಡೆ ಗಡಿಯಾರದಲ್ಲಿ ಹದಿನೈದು ನಿಮಿಷ ತುಂಬಲು ಇನ್ನೆರಡೇ ಉಳಿದಿತ್ತು. ವರ್ಡಿ ಡಬ್ಬಿಯನ್ನೆತ್ತಿಕೊಂಡು ಹಾಲಿನ ನಡುವಿಗೆ ನಡೆದು, ಚೆಂಡಾಟದ ವೃತ್ತದೊಳಗೆ ನೆಲದ ಮೇಲಿಟ್ಟಳು.

"ಎಲ್ರೂ ಬಾಯಿ ಮುಚ್ಚಿ," ಎಂದಳು. ಊಟದ ಸಾಲಿನಲ್ಲಿ ನಾನೂರು ಮಕ್ಕಳನ್ನು ಸುಮ್ಮನಾಗಿಸುವ ದನಿ ಅದು. "ಸ್ವಲ್ಪ ಕೇಳಿಸ್ಕೊಳ್ಳಿ."

"ಏನೇ ವರ್ಡಿ, ಹುರುಳಿಕಾಯಿ ಸೀದೋಯ್ತಾ ಇವತ್ತು?" ಎಂದನೊಬ್ಬ. ಮೂರ್ನಾಲ್ಕು ಜನ ನಕ್ಕರು.

ಟಕ್.

ನಗು ಅಲ್ಲೇ ಸತ್ತಿತು. ಮರದ ನೆಲ ಆ ಸದ್ದನ್ನು ಹೊತ್ತು ಮೂಲೆಮೂಲೆಗೆ ಒಯ್ದಿತು. ಮೇಜುಗಳ ಹಿಂದಿದ್ದವರು ಬಹುಪಾಲು ಹಳೇ ಗಣಿಯವರು. ಎಲ್ಲರ ತುಟಿಯೂ ಎಣಿಸುತ್ತಿತ್ತು. ಏಳು. ಎಂಟು. ಒಂಬತ್ತು. ಹತ್ತಾದ ಮೇಲೆ ಎಸ್ಟಿಲನ ಸಿಲಿಂಡರು ಸುಯ್ಯೆನ್ನುವುದೊಂದೇ ಕೇಳುತ್ತಿತ್ತು.

"ನಾಲ್ಕನೇ ನಂಬರಿಂದ ಬಂದದ್ದು," ಎಂದಳು ವರ್ಡಿ. "ನಮ್ಮ ಆರ್ಲಿ ಚಾಕು. ಪರದೆ ಕಟ್ಕೊಂಡು ಕೂತು ಬಡಿದಿದಾರೆ ಒಂಬತ್ತು ಜನ. ಕೇಳಿಸ್ಕೊಂಡೇ ಗೋಡೆ ಕಟ್ಟಿದಾರೆ. ಎಸ್ಟಿಲ್ ಮಾವ, ಎದ್ದು ಹೇಳು."

ಎಸ್ಟಿಲ್ ಎದ್ದು ನಿಂತು ಹೇಳಿದ. ಎರಡೇ ವಾಕ್ಯ. ಅಷ್ಟಕ್ಕೇ ಅವನ ಉಸಿರು ಮುಗಿಯಿತು.

ವರ್ಡಿ ಜೇಬಿಂದ ತನ್ನ ದಿನಬಳಕೆಯ ಗುಂಡಿ ಚಾಕು ತೆಗೆದಳು. ಒತ್ತುವ ಮೊದಲು ಒಂದು ಕ್ಷಣ ತಡೆದಳು. ಆ ಕಣಿವೆಯಲ್ಲಿ ಸುಳ್ಳು ಲೆಕ್ಕ ಬರೆದವರಿದ್ದಾರೆ, ಸುಳ್ಳು ಸಾಕ್ಷಿ ಹೇಳಿದವರಿದ್ದಾರೆ. ಬರುತ್ತೇವೆ ಅನ್ನುವ ಆ ಐದನ್ನು ಸುಳ್ಳಾಗಿ ಕೊಟ್ಟವರು ಒಬ್ಬರೂ ಇಲ್ಲ. ಐದು ಕೊಟ್ಟರೆ ಹೋಗಲೇಬೇಕು. ಬೇಲಿಯಿರಲಿ, ಪೊಲೀಸಿರಲಿ, ಹೋಗಿ ತೆಗೆಯಲೇಬೇಕು.

ಗುಂಡಿ ಒತ್ತಿದಳು. ಒಂದು. ಮುಚ್ಚಿ ಮತ್ತೆ ಒತ್ತಿದಳು. ಎರಡು.

ಮೂರನೆಯದಕ್ಕೆ ಅವಳ ಹಿಂದೆ ಇನ್ನೊಂದು ಚಾಕು ಚಿಮ್ಮಿತು. ಹುರುಳಿಕಾಯಿಯ ಮಾತಾಡಿದವನ ಕೈಯಲ್ಲಿದ್ದದ್ದು. ನಾಲ್ಕನೆಯದಕ್ಕೆ ಗೋಡೆಯುದ್ದಕ್ಕೂ ಬೀಗದ ಕೈ, ಮೀನು, ಇಂಜಿನ್ನು, ಲಿಪ್‌ಸ್ಟಿಕ್ಕು, ಎಲ್ಲ ಚಿಮ್ಮಿದವು. ಐದನೆಯದಕ್ಕೆ ನೂರು ಸ್ಪ್ರಿಂಗು ಒಂದೇ ಸದ್ದಾಗಿ ಬಡಿದು, ಮೇಲಿನ ಕಿಟಕಿಯ ಗಾಜುಗಳು ನಡುಗಿದವು.

ಅಲ್ಲಿದ್ದವರಲ್ಲಿ ಒಬ್ಬರೂ ಕದಲಲಿಲ್ಲ. ಎಲ್ಲರ ಕಣ್ಣೂ ಗಡಿಯಾರದ ಮೇಲೆ. ಐದು ನಿಮಿಷ, ಹತ್ತು ನಿಮಿಷ. ಹದಿನೈದು ತುಂಬಿತು. ಹದಿನಾರಾಯಿತು. ಡಬ್ಬಿ ಸುಮ್ಮನಿತ್ತು.

"ಕೇಳಿಸ್ತು ಅವ್ರಿಗೆ," ಎಂದ ಎಸ್ಟಿಲ್.

ವರ್ಡಿ ಬಗ್ಗಿ ಮುಚ್ಚಳ ತೆಗೆದಳು. ಚಾಕು ಬಿಚ್ಚಿಕೊಂಡೇ ಇತ್ತು. ಬೆಚ್ಚಗಿನ ಹಿಡಿ ಮಾತ್ರ ಈಗ ಕಲ್ಲಿನಂತೆ ತಣ್ಣಗಾಗಿತ್ತು. ಮುಚ್ಚುವ ಹಕ್ಕು ಅವಳದಲ್ಲ. ಬಿಚ್ಚಿದ ಅಲಗನ್ನು ಹಾಗೇ ಮುಂದೆ ಹಿಡಿದುಕೊಂಡು ಬಾಗಿಲ ಕಡೆ ನಡೆದಳು. ಹಿಂದೆ ಕುರ್ಚಿಗಳು ಸರಿದವು, ಸಿಲಿಂಡರಿನ ಚಕ್ರ ಮರದ ನೆಲದ ಮೇಲೆ ಗಡಗಡ ಉರುಳಿತು. ಹೊರಗೆ ಒಂದಾದ ಮೇಲೊಂದು ಲಾರಿ, ಪಿಕಪ್ಪು ಶುರುವಾದವು. ಯಾರೋ ಗುದ್ದಲಿಗಳನ್ನು ಗಾಡಿಯ ಹಿಂಬದಿಗೆ ಎಸೆಯುತ್ತಿದ್ದರು.

"ಗೋಡೆ ಎಷ್ಟು ದಪ್ಪ ಮಾವ?" ಎಂದು ಕೇಳಿದಳು ವರ್ಡಿ, ಮುದುಕನನ್ನು ಕೈಹಿಡಿದು ಗಾಡಿಗೆ ಹತ್ತಿಸುತ್ತ.

"ಎರಡು ಸಾಲು ಇಟ್ಟಿಗೆ. ಗಾರೆ ನಾನು ತೆಳ್ಳಗೆ ಹಾಕಿದೀನಿ," ಎಂದ ಎಸ್ಟಿಲ್. "ಮೂವತ್ತಾರು ವರ್ಷದಿಂದ ಯಾರಾದ್ರೂ ಕೇಳ್ತಾರೇನೋ ಅಂತಿದ್ದೆ."