ಆಚೆ ಸ್ಟೇಷನ್ನಿನ ಅಕ್ಕ

"ಕೈ ಒಳಗಿದೆ," ಎಂದಿತು ಫೋನಿನ ದನಿ.

"ಪವರ್ ಬಂದ್ ಇದೆ ಸಾರ್. ನಿಧಾನಕ್ಕೆ ಮಾಡಿ," ಎಂದಳು ಅವಳು. ಸ್ವಿಚ್ಚಿನ ಹತ್ತಿರವಿದ್ದ ಬೆರಳನ್ನು ಎಳೆದುಕೊಂಡು ಮಡಿಲಲ್ಲಿಟ್ಟುಕೊಂಡಳು.

ಅವಳಿದ್ದದ್ದು ಟ್ರಾನ್ಸ್‌ಮಿಟರ್ ಹಾಲಿನಲ್ಲಿ. ಆಚೆ ಸ್ಟೇಷನ್ನಿನ ಇಂಜಿನಿಯರಾದ ಅವರಿದ್ದದ್ದು ಬಯಲಿನ ನಡುವೆ, ಟವರಿನ ಬುಡದ ಪುಟ್ಟ ಕೋಣೆಯಲ್ಲಿ. ಊರಿನ ಆ ಕಡೆಯ ರೇಡಿಯೋ ಸ್ಟೇಷನ್ನಿನ ಟವರು ತುಕ್ಕು ಹಿಡಿದು, ಅದನ್ನು ಇಳಿಸಿಬಿಟ್ಟಿದ್ದರು. ಇನ್ನು ಮೇಲೆ ಎರಡು ಸ್ಟೇಷನ್ನಿಗೂ ಈ ಒಂದೇ ಟವರು. ಕೇಳಲಿಕ್ಕೆ ಸುಲಭ. ಆದರೆ ಒಂದರ ಶಕ್ತಿ ಟವರಿಗೆ ಹೋಗುವ ಬದಲು ಇನ್ನೊಂದರ ಯಂತ್ರದೊಳಕ್ಕೆ ನುಗ್ಗಿ ಬರುತ್ತದೆ. ಅದಕ್ಕೆ ಪ್ರತಿ ದಾರಿಯಲ್ಲೂ ತಾಮ್ರದ ಸುರುಳಿ ಕಾಯಿಲಿನ ಒಂದು ತಡೆ ಕಟ್ಟಬೇಕು; ತನ್ನದನ್ನು ಬಿಟ್ಟು ಪಕ್ಕದವರದ್ದನ್ನು ನಿಲ್ಲಿಸುವಂಥ ತಡೆ. ಕಾಯಿಲಿಗೆ ಕಚ್ಚಿಸಿದ ಕ್ಲಿಪ್ಪು ಅರ್ಧ ಸುತ್ತು ಆಚೀಚೆಯಾದರೂ ಅವಳ ವಾರ್ತೆಯ ಕೆಳಗೆ ಅವರ ಹಾಡು ಗುನುಗುತ್ತದೆ. ಬೆಳಿಗ್ಗೆ ಪರೀಕ್ಷೆಗೆಂದು ಹಚ್ಚಿದಾಗ ಆದದ್ದೂ ಅದೇ. ಮಧ್ಯಾಹ್ನ ಎರಡೂ ಸ್ಟೇಷನ್ನುಗಳನ್ನು ನಿಲ್ಲಿಸಲು ಒಪ್ಪಿಗೆ ಪಡೆದು ಕೂತಿದ್ದರು. ಅವರು ಕ್ಲಿಪ್ಪನ್ನು ಕೂದಲೆಳೆಯಷ್ಟು ಸರಿಸುವುದು, ಕೈ ಹೊರಗೆ ತೆಗೆದು ಬಾಗಿಲು ಹಾಕುವುದು, ಅವಳು ಪವರ್ ಕೊಟ್ಟು, ಪಕ್ಕದ್ದು ಎಷ್ಟು ನುಗ್ಗಿ ಬರುತ್ತಿದೆಯೆಂದು ಮೀಟರಿನ ಮುಳ್ಳು ನೋಡುವುದು, ಮತ್ತೆ ಬಂದ್ ಮಾಡುವುದು.

ಅವರನ್ನು ಅವಳು ಕಣ್ಣಾರೆ ಕಂಡದ್ದೇ ಇವತ್ತು. ಪರಿಚಯ ಮಾತ್ರ ಹಳೆಯದು. ದಿನಾ ಬೆಳಿಗ್ಗೆ ಒಂದು ಸ್ಟೇಷನ್ನಿನವರು ಇನ್ನೊಂದನ್ನು ಕೇಳಿ, ಸರಿಯಿದೆಯೋ ಇಲ್ಲವೋ ಎಂದು ಫೋನಿನಲ್ಲಿ ತಿಳಿಸಬೇಕಿತ್ತು. ಆ ಕೆಲಸ ಒಂದು ನಿಮಿಷದ್ದು. ಉಳಿದದ್ದೆಲ್ಲ ಹರಟೆ. ಹರಟೆಯೆಂದರೆ ಬಹುಪಾಲು ಅವರ ಹೆಂಡತಿಯ ಸುದ್ದಿಯೇ. ಹೋದ ವಾರದ್ದು:

"ನಮ್ಮನೆಯವಳು ನಿನ್ನೆ ಮಂಚಕ್ಕೆ ಗೆದ್ದಲು ಹಿಡಿದಿದೆ ಅಂತ ಇಡೀ ಕೋಣೆ ಅಂಗಳಕ್ಕೆ ಹಾಕಿದ್ಳು ಮೇಡಂ. ರಾತ್ರಿ ನಾನು ಮೇಜಿನ ಮೇಲೆ ಮಲಗಿದೆ."

"ಅಕ್ಕ ಎಲ್ಲಿ ಮಲಗಿದ್ರು?"

"ಅವಳಾ? ಮಂಚದ ಮೇಲೇ! ಗೆದ್ದಲಿಗೂ ಅವಳನ್ನ ಕಂಡ್ರೆ ಹೆದರಿಕೆ."

ಫೋನಿನ ಈ ಕಡೆಯವಳಿಗೆ ಮದುವೆಯಾಗಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ಮಾತೆಂದರೆ ನಲ್ಲಿ ತೊಟ್ಟಿಕ್ಕುವ ಸದ್ದು. ಕಂಡೇ ಇಲ್ಲದ ಆ ಹೆಂಗಸನ್ನು ಅವಳು ಅಕ್ಕ ಎನ್ನುತ್ತಿದ್ದಳು. ಮೊಣಕಾಲು ನೋವಿಗೆ ಬಿಸಿ ಉಪ್ಪಿನ ಶಾಖ ಕೊಟ್ಟುಕೊಳ್ಳಲು ಹೇಳಿ ಕಳಿಸಿದವಳು ಅಕ್ಕ. ಬೂದು ಬಣ್ಣದ ಸೀರೆ ಬೇಡ, ಮುಖ ಕಂದುತ್ತದೆ ಎಂದವಳೂ ಅಕ್ಕನೇ. ಅಂಗಡಿಯಲ್ಲಿ ಸೀರೆ ಆರಿಸುವಾಗ ಅಕ್ಕ ಏನನ್ನುತ್ತಿದ್ದಳೋ ಎಂದು ಇವಳು ಒಳಗೊಳಗೇ ಕೇಳಿಕೊಳ್ಳುವುದೂ ಇತ್ತು.

ಬೆಳಿಗ್ಗೆ ಯಂತ್ರ ಹೊತ್ತ ಲಾರಿ ಬಂದಾಗ ಅವರು ಕೆಳಗಿಳಿದು, ಅವಳ ಚಪ್ಪಲಿಗಳನ್ನೇ ನೋಡುತ್ತ ನಮಸ್ಕಾರ ಹೇಳಿ, ಸೀದಾ ಟವರಿನ ಕಡೆ ನಡೆದುಬಿಟ್ಟರು. ಗಿಡ್ಡ ಆಳು, ಸೊಂಟಕ್ಕೆ ಸಡಿಲವಾದ ಪ್ಯಾಂಟು. ಫೋನಿನಲ್ಲಿ ಬಾಯಿ ಮುಚ್ಚದ ಮನುಷ್ಯ ಇವರೇನಾ ಎನಿಸಿತು. ಪೆಟ್ಟಿಗೆ ಇಳಿಸುತ್ತಿದ್ದ ಡ್ರೈವರನಿಗೆ ಅವಳೇ ಹೇಳಿದಳು: "ಅಕ್ಕನ್ನೂ ಕರ್ಕೊಂಡು ಬರಬಾರದಿತ್ತಾ ನಿಮ್ಮ ಸಾಹೇಬ್ರು?"

ಡ್ರೈವರ್ ಅವಳ ಮುಖ ನೋಡಿದ. "ಯಾರು, ಅಮ್ಮಾವ್ರಾ? ಅವರು ಹೋಗಿ ಆರು ವರ್ಷ ಆಯ್ತಲ್ಲ ಮೇಡಂ. ಒಳ್ಳೇ ಹೆಂಗಸು, ಪಾಪ."

ಆಮೇಲೆ ಅವಳು ಹಾಲಿಗೆ ಬಂದು ಕೂತವಳು ಕೆಲಸದ ಮಾತು ಬಿಟ್ಟು ಬೇರೆ ಆಡಿರಲಿಲ್ಲ. ಮುಳ್ಳು ಎಷ್ಟಕ್ಕೆ ನಿಂತಿತು, ಏರಿತೋ ಇಳಿಯಿತೋ, ಅಷ್ಟೇ. ಹೋದ ವಾರ ಗೆದ್ದಲು ಕೊಡವಿದವಳು ಆರು ವರ್ಷದ ಹಿಂದೆಯೇ ಇಲ್ಲ. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಮಧ್ಯಾಹ್ನದ ಬುತ್ತಿಯ ಮುಚ್ಚಳವನ್ನೂ ತೆರೆದಿರಲಿಲ್ಲ.

ಈಗ ಫೋನಿನಲ್ಲಿ ಸ್ಪ್ಯಾನರಿನ ಸದ್ದು ನಿಂತಿತ್ತು. ಅವಳು ಕಾದಳು.

"ಸಾರ್? ಕೈ ಎಲ್ಲಿದೆ?"

ಪವರ್ ಬಂದ್ ಆಗಿರುವುದನ್ನು ಇನ್ನೊಮ್ಮೆ ನೋಡಿದಳು. "ಸಾರ್!"

"ಒಳಗೇ ಇದೆ ಮೇಡಂ," ಎಂದರು ಕೊನೆಗೆ. "ನೀವು ಇವತ್ತು ಅಕ್ಕನ ಬಗ್ಗೆ ಕೇಳಲೇ ಇಲ್ಲ."

ಅವಳು ತೆರೆಯದ ಬುತ್ತಿಯನ್ನು ಮೇಜಿನ ಆ ತುದಿಗೆ ಸರಿಸಿದಳು.

"ಡ್ರೈವರ್ ಹೇಳಿದನಾ?"

"ಹ್ಞೂಂ."

"ಅವಳ ಉತ್ತರಕ್ರಿಯೆ ಎಲ್ಲ ಮುಗಿಸಿ ರಜೆಯಿಂದ ಬಂದ ದಿನ ನೀವು ಫೋನ್ ಮಾಡಿದ್ರಿ. ಅಕ್ಕ ಹೇಗಿದ್ದಾರೆ ಅಂತ ಕೇಳಿದ್ರಿ. ಅಲ್ಲೀವರೆಗೆ ಎಲ್ಲರೂ ಅಯ್ಯೋ ಅಂತಲೇ ಮಾತಾಡ್ತಿದ್ರು. ನೀವೊಬ್ರು ಯಾವಾಗಿನ ಹಾಗೇ ಕೇಳಿದ್ರಿ. ಚೆನ್ನಾಗಿದ್ದಾಳೆ, ಬೈತಿದ್ದಾಳೆ ಅಂದ್ಬಿಟ್ಟೆ." ಅವರು ಉಸಿರೆಳೆದುಕೊಂಡರು. "ಹಾಗಂದ ಮೇಲೆ ಮಾರನೇ ದಿನ ಅವಳನ್ನ ಸಾಯಿಸೋಕೆ ಮನಸ್ಸು ಬರಲಿಲ್ಲ ಮೇಡಂ."

ಅವಳು ಫೋನನ್ನು ದೂರ ಹಿಡಿದು ಮೂಗೊರೆಸಿಕೊಂಡಳು. ಆದರೂ ಅವರಿಗೆ ಕೇಳಿಸಿತು.

"ಅಳ್ತಿದೀರಾ? ನೀವ್ಯಾಕೆ ಅಳ್ತೀರಾ?"

"ನಿಮಗೆ ಆರು ವರ್ಷ ಆಗಿದೆ ಸಾರ್," ಎಂದಳು ಅವಳು. "ನನಗೆ ಬೆಳಿಗ್ಗೆಯಿಂದ."

ಬಯಲಿನ ಆಚೆ ಸ್ಪ್ಯಾನರ್ ಮತ್ತೆ ಕದಲಿತು.

"ಆ ಬೂದು ಸೀರೆ ಮಾತು," ಎಂದು ಅವಳು ಕೇಳಿದಳು. "ಅದು ನಿಜವಾಗ್ಲೂ ಅಕ್ಕನದಾ?"

"ಅದು ಅವಳದೇ. ಉಪ್ಪಿನ ಶಾಖವೂ ಅವಳದೇ. ಗೆದ್ದಲು... ಗೆದ್ದಲು ನಂದು." ಬಾಗಿಲು ಹಾಕಿದ ಸದ್ದಾಯಿತು. "ಕೈ ಹೊರಗೆ. ಬಾಗಿಲು ಹಾಕಿದೆ," ಎಂದರು.

ಅವಳು ಕಣ್ಣೊರೆಸಿಕೊಂಡು ಪವರ್ ಕೊಟ್ಟಳು. ಮುಳ್ಳು ಒಮ್ಮೆ ನಡುಗಿ, ಸೊನ್ನೆಯ ಹತ್ತಿರ ಬಂದು ಮಲಗಿತು. ಎರಡನೆಯ ಯಂತ್ರವನ್ನೂ ಹಚ್ಚಿದಳು. ಆಗಲೂ ಮುಳ್ಳು ಕದಲಲಿಲ್ಲ. ರಿಸೀವರಿನ ಗುಂಡಿ ತಿರುಗಿಸಿದರೆ ಒಂದೆಡೆ ವಾರ್ತೆ, ಇನ್ನೊಂದೆಡೆ ಹಾಡು. ಒಂದರ ಸೋಂಕು ಇನ್ನೊಂದಕ್ಕಿರಲಿಲ್ಲ.

"ಆಯ್ತು ಸಾರ್. ಸಪ್ಪಳವೇ ಇಲ್ಲ."

"ಹಾಗಾದ್ರೆ ನನ್ನ ಕೆಲಸ ಮುಗೀತು," ಎಂದರು.

ಅದು ಬರೀ ಇವತ್ತಿನ ಮಾತಾಗಿರಲಿಲ್ಲ. ತಿಂಗಳ ಕೊನೆಗೆ ಅವರ ನಿವೃತ್ತಿ. ಎರಡೂ ಯಂತ್ರಗಳು ಒಂದೇ ಹಾಲಿನಲ್ಲಿರುವಾಗ ನೋಡಿಕೊಳ್ಳಲು ಅವಳೊಬ್ಬಳೇ ಸಾಕು. ಬೆಳಿಗ್ಗೆ ಯಾರೂ ಯಾರಿಗೂ ಫೋನ್ ಮಾಡಬೇಕಾಗಿಲ್ಲ. ಅವರು ಹಾಲಿಗೆ ಬಂದು, ಅವಳು ಕೊಟ್ಟ ನೀರು ಕುಡಿದು, ಲೋಟವನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತರು. ಅವಳೇ ಇಸಿದುಕೊಂಡಳು.

"ಫೋನ್ ಮಾಡಿ ಸಾರ್," ಎಂದಳು, ಅವರು ಬಾಗಿಲು ದಾಟುವಾಗ.

"ಏನಂತ ಮಾಡಲಿ ಮೇಡಂ?" ಎಂದರು ಅವರು, ಚಪ್ಪಲಿ ಮೆಟ್ಟುತ್ತ. ಕೇಳಿದ್ದು ನಿಜಕ್ಕೂ ಉತ್ತರ ಬೇಕಾದವರಂತೆ. ಅವಳು ಅವರ ಲೋಟವನ್ನು ಹಿಡಿದೇ ಬಾಗಿಲವರೆಗೆ ಬಂದಳು. ಅವರು ತಲೆಯಾಡಿಸಿ ನಡೆದರು.

ಕಿಟಕಿಯಿಂದ ಬಯಲಿನಾಚೆಯ ಬಸ್ ನಿಲ್ದಾಣ ಕಾಣುತ್ತಿತ್ತು. ಅಲ್ಲಿ ಬೇರೆ ಯಾರೂ ಇರಲಿಲ್ಲ. ಅವರು ಹೋಗಿ, ಕರವಸ್ತ್ರದಿಂದ ಉದ್ದನೆಯ ಬೆಂಚಿನ ಧೂಳನ್ನು ಈ ತುದಿಯಿಂದ ಆ ತುದಿಯವರೆಗೂ ಒರೆಸಿ, ಒಂದು ಪಕ್ಕಕ್ಕೆ ಸರಿದು ಕೂತರು.