ನೋಡೋಣಮ್ಮ
ಕಾದ ಬಟ್ಟೆಯ ವಾಸನೆ ಮೆಟ್ಟಿಲವರೆಗೂ ಬಂದಿದೆ, ಅಂದರೆ ಇಸ್ತ್ರಿ ಮಾಮ ಆಗಲೇ ಕೆಲಸ ಶುರು ಮಾಡಿದ್ದಾರೆ, ಒಳ್ಳೆಯದೇ ಆಯಿತು, ಹೇಳಿಬಿಟ್ಟರೆ ಒಂದು ತಲೆನೋವು ಕಳೆಯಿತು, ಎಂದುಕೊಳ್ಳುತ್ತ ಅವಳು ಕಂಬಿ ಹಿಡಿದು ನೆಲಮಾಳಿಗೆಗೆ ಇಳಿದಳು — ಈ ಮಂಡಿ ಈಗೀಗ ಹತ್ತುವಾಗ ಸುಮ್ಮನಿದ್ದು ಇಳಿಯುವಾಗ ನೋಯುತ್ತದೆ, ಯಾಕೋ — ಹೋಟೆಲಿನ ರೂಮುಗಳೆಲ್ಲ ಭರ್ತಿ, ಲೋಕದ ಜನವೆಲ್ಲ ರಜೆ ಹಾಕಿ ಇಲ್ಲಿಗೇ ಬಂದು ಬಿದ್ದುಕೊಂಡ ಹಾಗಿದೆ, ಅವರಿಗೆ ಹಾಸಿಗೆ ಹಾಸುವವರಿಗೂ ಅದೇ ವಾರ ರಜೆ ಬೇಕು, ಎಲ್ಲರಿಗೂ, ಒಟ್ಟಿಗೇ, ಕೇಳುವುದು ಮೇಲ್ವಿಚಾರಕಿಯಾದ ಇವಳನ್ನೇ. ಮೂರನೇ ಮಹಡಿ ಗುಡಿಸುವವನ ಅಜ್ಜಿ ಹೋದ ವರ್ಷ ಇದೇ ಹೊತ್ತಿಗೆ ತೀರಿಕೊಂಡಿದ್ದಳು, ಈ ವರ್ಷ ಮತ್ತೆ ತೀರಿಕೊಂಡಿದ್ದಾಳೆ, ಎಷ್ಟು ಜನ ಅಜ್ಜಿಯರಪ್ಪಾ ನಿನಗೆ ಎಂದರೆ, ಇವಳು ಆ ಅಜ್ಜಿ ತಂಗಿ ಮೇಡಂ, ಅವಳೂ ಅಜ್ಜಿನೇ ಅಲ್ವಾ, ನಗಬೇಕೋ ಬೈಯಬೇಕೋ ತಿಳಿಯದೆ ನೋಡೋಣ ಎಂದಳು. ಟವೆಲ್ ಮಡಚುವವಳಿಗೆ ತಮ್ಮನ ಮದುವೆ, ನೋಡೋಣ. ಬಾಗಿಲು ಕಾಯುವವನಿಗೆ ಕಾರಣವೇ ಇಲ್ಲ, ಸುಮ್ನೆ ಮೇಡಂ, ಮಲ್ಕೋಬೇಕು ಅಷ್ಟೇ — ಇದ್ದವರಲ್ಲಿ ಅವನೊಬ್ಬ ಸತ್ಯವಂತ, ಅವನಿಗೂ ನೋಡೋಣ. ಬೆನ್ನ ಹಿಂದೆ ಎಲ್ಲರೂ ತನ್ನನ್ನು ನೋಡೋಣಮ್ಮ ಎಂದು ಕರೆಯುವುದು ಗೊತ್ತಿಲ್ಲವೇನು, ಕರೆಯಲಿ, ಇಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಲು ಬಾಯಿ ಬರುವುದಿಲ್ಲ, ಹೂಂ ಎನ್ನಲು ಮ್ಯಾನೇಜರ್ ಬಿಡುವುದಿಲ್ಲ, ನಡುವೆ ಉಳಿಯುವುದು ಅದೊಂದೇ ಮಾತು, ಮನೆಯಲ್ಲೂ ಅದೇ, ಭಾನುವಾರ ಎಲ್ಲಾದರೂ ಹೋಗೋಣ್ವಾ ಎಂದು ಗಂಡ ಕೇಳಿದರೂ ನೋಡೋಣ, ಅವನೀಗ ಕೇಳುವುದನ್ನೇ ಬಿಟ್ಟಿದ್ದಾನೆ.

ಆದರೆ ಮಾಮನಿಗೆ ಹೇಳಿದ್ದು ಹಾಗಲ್ಲ. ರಜೆಯ ಕಾಲದಲ್ಲಿ ಎಂದೋ ಒಮ್ಮೆ ಕೇಳಿ ಸುಮ್ಮನಾದ ಮನುಷ್ಯ, ಹೋದ ವಾರ ಬಾಗಿಲ ಹೊರಗೇ ನಿಂತು, ಮಗಳಿಗೆ ಚೊಚ್ಚಲ ಹೆರಿಗೆ, ಏನೋ ತೊಡಕಿದೆಯಂತೆ, ಆಪರೇಶನ್ ಮಾಡ್ತಾರಂತೆ, ಅಪ್ಪ ನೀನು ಬರಲೇಬೇಕು ಅಂತ ಫೋನಲ್ಲಿ ಅಳ್ತಾಳೆ ಮೇಡಂ — ನೋಡೋಣ ಮಾಮ, ಎಂದಳು, ಜನ್ಮದಲ್ಲಿ ಮೊದಲ ಸಲ ನಿಜವಾಗಿಯೂ ನೋಡಿದಳು, ಮಾಮನ ಕೆಲಸವನ್ನೂ ನೋಡಿಕೋ ಎಂದು ಸಂಜೆ ಪಾಳಿಯವನ ಕೈಕಾಲು ಹಿಡಿದಳು, ತನಗೆಂದು ಇಟ್ಟುಕೊಂಡಿದ್ದ ರಜೆಯನ್ನು ಬಿಟ್ಟುಕೊಟ್ಟಳು, ಈ ಸಲವೂ ಬರೋಕಾಗಲ್ಲ ಕಣೇ ಅಕ್ಕ, ಎಂದಾಗ ಅಕ್ಕ ಆಯ್ತು ಬಿಡು ಎಂದಷ್ಟೇ ಹೇಳಿ ಫೋನಿಟ್ಟಳು, ಆ ಆಯ್ತು ಬಿಡು ಇನ್ನೂ ಎದೆಯಲ್ಲಿ ಕೂತಿದೆ. ಮ್ಯಾನೇಜರ್ ಸಹಿ ಹಾಕಿದ್ದು ನಿನ್ನೆ ಸಂಜೆ. ಆಗಲೇ ಒಂದು ಫೋನ್ ಮಾಡಬಹುದಿತ್ತು, ಕಾಲು ಬಿದ್ದುಹೋಗುತ್ತಿತ್ತು, ನಾಳೆ ಹೇಳಿದರಾಯಿತು, ಎದುರಿಗೆ ನಿಂತು ಹೇಳಬೇಕು, ವರ್ಷವಿಡೀ ಬಾಡಿದ ಮುಖಗಳನ್ನೇ ನೋಡಿದ್ದಾಯಿತು, ಒಂದಾದರೂ ಅರಳುವುದನ್ನು ನೋಡೋಣ ಎಂಬ ಆಸೆ.

ಮಾಮ, ರಜೆ ಸಿಕ್ಕಿದೆ, ಈಗಲೇ ಹೊರಡಿ. ಅವರು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ ಅವಳನ್ನೇ ನೋಡಿದರು, ಮುಖ ಅರಳಲಿಲ್ಲ, ನೀವು ನೋಡೋಣ ಅಂದ್ರಲ್ಲ ಮೇಡಂ, ಅಂದ್ರೆ ಇಲ್ಲ ಅಂತ ತಾನೆ, ಇಷ್ಟು ವರ್ಷದಿಂದ ಕೇಳ್ತಾ ಇಲ್ವಾ ನಾವು — ದನಿಯಲ್ಲಿ ಸಿಟ್ಟಿನ ಸುಳಿವೂ ಇಲ್ಲ, ಇದ್ದಿದ್ದರೆ ವಾಸಿಯಿತ್ತು — ನಮ್ಮನೆಯವಳನ್ನ ಈಗಷ್ಟೇ ಬಸ್ ಹತ್ತಿಸಿ ಬಂದೆ, ಅವಳಿಗೊಂದು ಹುಚ್ಚು, ನೋಡೋಣ ಅಂದಿದ್ದಾರಲ್ಲ, ಕೊಟ್ರೂ ಕೊಟ್ಟಾರು ಅಂತ ನನ್ನ ಸೀಟನ್ನೂ ಬುಕ್ ಮಾಡಿಸಿದ್ಲು, ಬಸ್ ಹೊರಡೋವರೆಗೂ ಅದರ ಮೇಲೆ ಚೀಲ ಇಟ್ಕೊಂಡು ಯಾರನ್ನೂ ಕೂರೋಕೆ ಬಿಡ್ಲಿಲ್ಲ. ಬೇರೆ ಬಸ್ಸು ಇಲ್ಲವೇ, ಇರಲೇಬೇಕು, ಅವಳು ಅಲ್ಲೇ ನಿಂತು ಟ್ರಾವೆಲ್ಸಿನವನಿಗೆ ಫೋನ್ ಮಾಡಿದಳು, ರಜೆ ಸೀಸನ್ ಮೇಡಂ, ನಿಂತ್ಕೊಂಡು ಹೋಗೋಕೂ ಜಾಗ ಇಲ್ಲ, ಹೋಟೆಲಿನ ಕಾರುಗಳೆಲ್ಲ ಗಿರಾಕಿಗಳ ಜೊತೆ ಹೊರಟಿವೆ, ಆಪರೇಶನ್ ನಾಳೆ ಬೆಳಿಗ್ಗೆ. ಪರವಾಗಿಲ್ಲ ಬಿಡಿ, ಅವಳಮ್ಮ ಇರ್ತಾಳಲ್ಲ, ಎಂದು ಮಾಮ ಮುಂದಿನ ಹಾಸಿಗೆ ಬಟ್ಟೆ ಎಳೆದುಕೊಂಡರು, ನೀರು ಚಿಮುಕಿಸಿದರು, ಬೆನ್ನು ತಿರುಗಿಸಿಯೇ ಹೇಳಿದರು, ಆ ಚೀಲದಲ್ಲಿ ನನ್ನ ಅಂಗಿಗಳೂ ಇವೆ, ಅವಳೇ ತುಂಬಿಸಿದ್ಲು. ಏನಾದರೂ ಹೇಳಬೇಕು, ನಾನು ಹೇಳಿದ್ದು ಇಲ್ಲ ಅಂತ ಅಲ್ಲ ಮಾಮ, ಆಗುತ್ತೆ ಅಂತ, ಆದರೆ ಆಗುತ್ತೆ ಎನ್ನುವುದಕ್ಕೆ ಬೇರೆಯೇ ಮಾತಿದೆಯಲ್ಲ, ಅದನ್ನು ಯಾಕೆ ಆಡಲಿಲ್ಲ — ಮೆಟ್ಟಿಲ ಮೇಲಿನಿಂದ ಟವೆಲ್ಲಿನವಳು ಕೂಗುತ್ತಿದ್ದಾಳೆ, ಮೇಡಂ, ನನ್ನ ರಜೆ ಏನಾಯ್ತು — ಕಣ್ಣ ಮುಂದೆ ಬಸ್ಸು ಓಡುತ್ತಿದೆ, ಕಿಟಕಿಯ ಪಕ್ಕ ಒಬ್ಬ ಹೆಂಗಸು, ಅವಳ ಪಕ್ಕದ ಸೀಟಿನಲ್ಲಿ ಒಂದು ಚೀಲ, ಮೇಡಂ, ಏನಾಯ್ತು ಹೇಳಿ, ಚೀಲದಲ್ಲಿ ಅಂಗಿಗಳು, ಯಾರೋ ಬಂದು ಇಲ್ಲಿ ಯಾರಾದ್ರೂ ಇದ್ದಾರಾ ಎಂದು ಕೇಳುತ್ತಾರೆ, ಆ ಹೆಂಗಸು ಚೀಲದ ಮೇಲೆ ಕೈಯಿಟ್ಟು ಇದ್ದಾರೆ ಎನ್ನುತ್ತಾಳೆ, ಬಸ್ಸು ಓಡುತ್ತಿದೆ, ಪಕ್ಕದ ಸೀಟಿನಲ್ಲಿ ಚೀಲ, ಅದರ ಮೇಲೆ ಕೈ